ಸವೆದ ಪೆಡಲು, ಸವೆಯದ ಟೈರು

ನನ್ನ ಕಾರಿಗೆ ಇರುವುದು ಎರಡೇ ಸೀಟು. ಅದನ್ನು ಕೊಳ್ಳಲು ಅದೂ ಒಂದು ಕಾರಣ ಎಂದು ಮನೆಯಲ್ಲಿ ಇನ್ನೂ ಹೇಳಿಲ್ಲ. ಐದು ಸೀಟಿನ ಕಾರು ತಂದರೆ ಹುಣ್ಣಿಮೆಗೊಮ್ಮೆ ಹುಲಿಗಿಯ ಗುಡಿಗೆ, ಮದುವೆ ಇದ್ದಾಗ ಕನಕಗಿರಿಗೆ, ನಡುನಡುವೆ ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಕೆಲಸವಾಗುತ್ತದೆ ಎಂದು ಗೊತ್ತಿತ್ತು. ಕೊಪ್ಪಳದಿಂದ ಯಲಬುರ್ಗಾದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಪಾಠ ಹೇಳುವ ನನಗೆ, ಒಂದು ತಾಸಾದರೂ ಯಾರೂ ಮಾತಾಡಿಸದ ಜಾಗ ಬೇಕಾಗಿತ್ತು. ಅಲ್ಲದೆ ನೆಲಕ್ಕೆ ತಗ್ಗಿ ಕೂತಂತಿರುವ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ನನಗೆ ಓದುವ ದಿನಗಳಿಂದಲೂ ಇಷ್ಟ. ಅದನ್ನೂ ಯಾರಿಗೂ ಹೇಳಿರಲಿಲ್ಲ.

ಗಂಗಾವತಿಯಲ್ಲಿ ಅಂಥದೊಂದು ಮಾರಾಟಕ್ಕಿರುವುದನ್ನು ಮೊಬೈಲಿನಲ್ಲಿ ನೋಡಿದೆ. ಕೆಂಪು ಬಣ್ಣ, ಒಂಬತ್ತು ವರ್ಷ ಹಳೆಯದು, ಓಡಿದ್ದು ಇಪ್ಪತ್ತೊಂದು ಸಾವಿರ ಕಿಲೋಮೀಟರ್. ಬೆಲೆ ಕೈಗೆಟಕುವಂತಿತ್ತು. ರೋಡ್ ಹಂಪ್ ಬಂದಲ್ಲೆಲ್ಲ ಹೊಟ್ಟೆ ಉಜ್ಜಿಕೊಳ್ಳುವ ಕಾರನ್ನು ನಮ್ಮ ಕಡೆ ಕೇಳುವವರು ಕಡಿಮೆ.

ಹಳೆಯ ಗಾಡಿ ಎಂದ ಮೇಲೆ ಮಾಮಾನನ್ನು ಕರೆಯಲೇಬೇಕು. ನನ್ನ ಸೋದರಮಾವ ಕುಷ್ಟಗಿಯವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ನಮ್ಮ ಬಳಗದಲ್ಲಿ ಯಾರೇ ಹಳೆಯ ಗಾಡಿ ಕೊಳ್ಳಲಿ, ಅವರು ಬಂದು ನೋಡಿ ಹೂಂ ಅನ್ನಬೇಕು. ಗಾಡಿಯ ವಿಷಯದಲ್ಲಿ ಅವರ ಮಾತು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಹಾಗೆಯೇ, ಯಾವ ಸುದ್ದಿಯೂ ಅವರ ಬಾಯಲ್ಲಿ ಸಂಜೆಯತನಕ ನಿಂತದ್ದನ್ನೂ ಯಾರೂ ಕಂಡಿರಲಿಲ್ಲ.

"ಎರಡ ಸೀಟ?" ಎಂದರು ಫೋನಿನಲ್ಲಿ. "ನಾಳೆ ಗಂಡ ಮಕ್ಳು ಎಲ್ಲಿ ಕುಂದ್ರಬೇಕಬೇ?"

"ಒಂದ ಸೀಟಿಂದು ಸಿಗಲಿಲ್ಲ ಮಾಮಾ," ಎಂದೆ.

ಭಾನುವಾರ ಇಬ್ಬರೂ ಗಂಗಾವತಿಗೆ ಹೋದೆವು. ಮಾರುವವರದು ಅಕ್ಕಿ ಗಿರಣಿ. ಮನೆಯ ಹಿಂದೆಯೇ ಗಿರಣಿಯ ಅಂಗಳ, ಅಲ್ಲಿ ಬಿಸಿಲಿಗೆ ಕಾರನ್ನು ತಂದು ನಿಲ್ಲಿಸಿದ್ದರು. ಮಾಲೀಕರಿಗೆ ಐವತ್ತು ದಾಟಿರಬಹುದು. ಬಿಳಿ ಅಂಗಿ, ಮಾತು ಕಡಿಮೆ. ಅವರ ಹೆಂಡತಿ ಪಡಸಾಲೆಯಲ್ಲಿ ನಿಂತು, ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿಂದೇ ಗಾಡಿ ನೋಡಬೇಕೆಂದು ಹಟ ಮಾಡಿದರು. ತಿಂದೆವು.

ಏನೇನು ನೋಡಬೇಕೆಂದು ನಾನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅದನ್ನು ಕಂಡು ಮಾಮಾ ನಕ್ಕರು. "ಪರೀಕ್ಷಾ ಬರಿಯಾಕ ಬಂದೀಯೇನು? ನಂದು ಒಂದ ಪ್ರಶ್ನಿ," ಎನ್ನುತ್ತ ಬಾಗಿಲು ತೆಗೆದು ಒಳಗೆ ಕೂತರು. ಮೀಟರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಗ್ಗಿ ಪೆಡಲು ನೋಡಿದರು. ಬೆರಳಿನಿಂದ ಉಜ್ಜಿದರು. ನನ್ನನ್ನು ಕರೆದು ತೋರಿಸಿದರು.

ಕ್ಲಚ್ಚಿನ ರಬ್ಬರಿನ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಒಂದು ಅಂಚಿನಲ್ಲಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಗೇರಿನ ಗುಂಡಿಯ ಮೇಲಿದ್ದ ಅಂಕಿಗಳು ಮಾಸಿದ್ದವು. ಸ್ಟೇರಿಂಗ್ ಎರಡೂ ಕೈ ಹಿಡಿಯುವಲ್ಲಿ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಬಾಗಿಲ ಕಡೆಯ ಸೀಟಿನ ಅಂಚು ಕುಸಿದಿತ್ತು.

ಮಾಮಾ ಹೊರಗೆ ಬಂದು ಕೈ ಒರೆಸಿಕೊಂಡರು. "ಸಾಹುಕಾರ್ರ, ಮೀಟರ್ ಎಷ್ಟ ಅಂತೈತ್ರಿ?"

"ಇಪ್ಪತ್ತೊಂದು ಸಾವಿರ ರೀ."

"ಪೆಡಲ್ ಒಂದೂವರಿ ಲಕ್ಷ ಅಂತೈತಲ್ರಿ! ಇಬ್ಬರೊಳಗ ಯಾರೋ ಒಬ್ರು ಸುಳ್ಳ ಹೇಳಾಕತ್ತಾರ. ಮೀಟರ್ ಯಾರ ಬೇಕಾದ್ರೂ ಹಿಂದ ತಿರುಗಿಸಬಹುದು. ಪೆಡಲ್ ತಿರುಗಿಸಾಕ ಬರಂಗಿಲ್ರಿ."

ಅಂಗಳದಲ್ಲಿ ಚೀಲ ಹೊರುತ್ತಿದ್ದ ಇಬ್ಬರು ಹಮಾಲರು ನಿಂತು ಇತ್ತ ನೋಡಿದರು. ಮಾಲೀಕರ ಮುಖ ಕೆಂಪಾಯಿತು.

"ಮೀಟರ್ ನಾ ಮುಟ್ಟಿಲ್ರಿ."

"ಮತ್ತ ಇವು ಹಿಂಗ್ಯಾಕ ಸವದಾವು?"

ಅವರು ಬಾಯಿ ತೆರೆದರು. ಪಡಸಾಲೆಯ ಕಡೆ ನೋಡಿದರು. "ಅದು ಹಂಗ ಐತ್ರಿ," ಎಂದಷ್ಟೇ ಹೇಳಿದರು.

"ಆತು, ಒಂದ ರೌಂಡ್ ನೀವ ಹೊಡದ ತೋರಸ್ರಿ."

"ನಾ ಬ್ಯಾಡ್ರಿ. ನೀವ ಹೊಡೀರಿ."

ಮಾಮಾ ನನ್ನತ್ತ ತಿರುಗಿ, ತಿಳಿಯಿತೇ ಎನ್ನುವಂತೆ ಹುಬ್ಬು ಹಾರಿಸಿದರು. "ಗಂಗಾವತಿಯಿಂದ ಕುಷ್ಟಗಿತನಾ ನಿಮ್ಮ ಗಿರಣಿ ಹೆಸರ ಐತ್ರಿ ಸಾಹುಕಾರ್ರ. ಇದನ್ನ ಮಂದಿ ಕೇಳಿದ್ರ ಏನಂದಾರು?" ಎಂದರು. ಮಂದಿಗೆ ಹೇಳುವವರು ತಾವೇ ಎಂಬುದು ಆ ಮಾತಿನಲ್ಲಿ ಸ್ಪಷ್ಟವಾಗಿತ್ತು.

ನನಗೆ ಮುಜುಗರವಾಯಿತು. ಏನೂ ತೋಚದೆ ನನ್ನ ಹಾಳೆಯನ್ನೇ ನೋಡಿಕೊಂಡು ಕಾರಿನ ಸುತ್ತ ಬಂದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನಾಲ್ಕೂ ಟೈರುಗಳು ಕಾರು ತಯಾರಾದ ವರ್ಷದವೇ. ರಬ್ಬರು ಹಳತಾಗಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು, ಆದರೆ ಗೆರೆಗಳು ಆಳವಾಗಿಯೇ ಇದ್ದವು. ಮುಂದಿನ ಗಾಜಿಗೆ ಒಂದೂ ಕಲ್ಲು ಸಿಡಿದ ಗುರುತಿಲ್ಲ. ನಮ್ಮ ರಸ್ತೆಯಲ್ಲಿ ಕಡಿ ಕಲ್ಲಿನ ಲಾರಿಗಳ ಹಿಂದೆ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಗಾಜು ಹಾಗಿರಲು ಸಾಧ್ಯವಿಲ್ಲ. ಪಕ್ಕದ ಸೀಟು ಅಂಗಡಿಯಿಂದ ನಿನ್ನೆ ಬಂದ ಹಾಗಿತ್ತು.

"ಮಾಮಾ, ಟೈರ್ ಹಳೇವ ಅದಾವ. ಸವದಿಲ್ಲ."

"ಬದಲಿ ಮಾಡ್ಯಾರ."

"ಒಂಬತ್ತು ವರ್ಷದ ಹಳೇ ಟೈರ್ ಹುಡುಕ್ಯಾಡಿ ಯಾರ ಹಾಕ್ತಾರ?"

ಮಾಮಾ ಮತ್ತೆ ಕೈ ಒರೆಸಿಕೊಂಡರು. ಪೆಡಲಿನ ಮಾತಿಗೆ ಯಾರಾದರೂ ಎದುರಾಡುವುದು ಅವರಿಗೆ ಅಭ್ಯಾಸವಿರಲಿಲ್ಲ.

ಕಾರನ್ನು ಎಲ್ಲಿ ನಿಲ್ಲಿಸುತ್ತಿದ್ದಿರಿ, ನೋಡಬಹುದೇ ಎಂದು ಕೇಳಿದೆ. ಮಾಲೀಕರ ಹೆಂಡತಿ ಪಡಸಾಲೆಯಿಂದ ಇಳಿದು ಬಂದು, ನಾ ತೋರಸ್ತೀನಿ ಬಾ ಎಂದರು. ಗಿರಣಿಯ ಮಗ್ಗುಲಲ್ಲಿ ತಗಡಿನ ಶೆಡ್ಡು. ನೆಲದ ಮೇಲೆಲ್ಲ ತೌಡಿನ ದೂಳು ಕೂತಿತ್ತು. ಕಾರು ನಿಲ್ಲುತ್ತಿದ್ದ ಜಾಗದ ಎಡಗಡೆ ಒಂದು ಹೆಜ್ಜೆ ಗುರುತೂ ಇಲ್ಲ. ಬಲಗಡೆ, ಡ್ರೈವರ್ ಬಾಗಿಲು ಬರುವಲ್ಲಿ, ನೆಲ ನುಣ್ಣಗೆ ಸವೆದು ಶೆಡ್ಡಿನ ಬಾಗಿಲತನಕ ಒಂದು ಕಾಲುದಾರಿಯಾಗಿತ್ತು. ಗೋಡೆಯ ಸಣ್ಣ ಕಟ್ಟೆಯ ಮೇಲೆ ಚಹಾದ ಲೋಟ ಇಟ್ಟ ಉಂಗುರಗಳು, ಒಂದರ ಮೇಲೊಂದು.

"ಸಂಜಿಕೆ ಚಾ ಇಲ್ಲೇ ತಂದ ಕೊಡ್ತೀನವ್ವಾ ಅವರಿಗೆ," ಎಂದರು ಆಕೆ.

ನಾನು ಆ ಉಂಗುರಗಳನ್ನೇ ನೋಡುತ್ತಿದ್ದೆ. ಆಕೆಯೇ ಮುಂದುವರಿಸಿದರು.

"ನಾಕ ವರ್ಷಾತು, ಅವರಿಗೆ ಫಿಟ್ಸ್ ಬರತಾವ. ಡಾಕ್ಟರ್ ಸ್ಟೇರಿಂಗ್ ಹಿಡೀಬ್ಯಾಡ್ರಿ ಅಂದಾರ. ಚಾವಿ ನನ್ನ ಕಡೆ ಇರತೈತಿ, ವಾರಕ್ಕೊಮ್ಮೆ ಗಿರಣಿ ಲಾರಿ ಡ್ರೈವರ್ ಇಸ್ಕೊಂಡ ಚಾಲೂ ಮಾಡಿಡ್ತಾನ. ಆದ್ರ ದಿನಾ ಬಂದ ಇದರಾಗ ಕುಂದ್ರತಾರ. ಕ್ಲಚ್ ಒತ್ತತಾರ, ಗೇರ್ ಹಾಕ್ತಾರ, ತಗೀತಾರ. ತಾಸಗಟ್ಲೆ. ಇವತ್ತ ಎಲ್ಲೀತನಾ ಹೋಗಿದ್ರಿ ಅಂದ್ರ ಕನಕಗಿರಿತನಾ ಅಂತಾರ. ಮೊನ್ನೆ ಹೈದ್ರಾಬಾದಿಗೆ ಹೋಗಿ ಬಂದ್ರು." ಆಕೆ ನಕ್ಕರು. ನಾನೂ ನಕ್ಕೆ, ಆಮೇಲೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಇದನ್ನ ಮಾಮಾಗ ಹೇಳಿದ್ರ ಮುಗೀತಲ್ರಿ ಅಕ್ಕಾರ."

"ಹೇಳಬ್ಯಾಡವ್ವಾ, ನಿನಗ ಕೈ ಮುಗೀತೀನಿ. ಮಗಳದು ಮಾತುಕತಿ ನಡದೈತಿ. ಮುಂದಿನ ವಾರ ಹುಡುಗನ ಕಡೆಯವರು ಮನಿಗೆ ಬರತಾರ, ಕುಷ್ಟಗಿಯವರ. ಗಾಡಿ ನಿಂತದ್ದ ನೋಡಿದ್ರ ಯಾಕ ಹೊಡ್ಯೂದಿಲ್ಲ ಅಂತ ಕೇಳ್ತಾರ. ಅಪ್ಪಗ ಫಿಟ್ಸ್ ಅಂದ್ರ ಮಗಳಿಗೂ ಇರಬೇಕು ಅಂತಾರ. ಅದಕ್ಕ ಮಾರಾಕ ಒಪ್ಯಾರ. ಸುಳ್ಳಗಾರ ಅನ್ನಿಸ್ಕೊಂಡ್ರೂ ಚಿಂತಿ ಇಲ್ಲ ಅಂತ ನಿಂತಾರ ನೋಡು ಅಲ್ಲಿ."

ಶೆಡ್ಡಿನ ಬಾಗಿಲಿನಿಂದ ಅಂಗಳ ಕಾಣುತ್ತಿತ್ತು. ಮಾಮಾ ಹಮಾಲರಿಗೆ ಏನೋ ವಿವರಿಸುತ್ತಿದ್ದರು. ಮಾಲೀಕರು ಕಾರಿನ ಆಚೆ, ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ಆ ಹುಡುಗನ ಮನೆಯವರಿಂದ ಒಂದು ವಿಷಯ ಮುಚ್ಚಿಡಲು ನಾನೂ ಕೈಜೋಡಿಸುತ್ತಿದ್ದೇನೆ ಎಂಬುದು ನನಗೆ ಗೊತ್ತಿತ್ತು. ಅದು ಸರಿ ಎಂದು ನನಗೆ ಪೂರ್ತಿ ಅನ್ನಿಸಿರಲಿಲ್ಲ. ಆದರೆ ಹೇಳುವ ಹಕ್ಕು ನನ್ನದಲ್ಲ ಎಂಬುದರಲ್ಲಿ ಸಂಶಯವಿರಲಿಲ್ಲ. ನಿಶ್ಚಯಕ್ಕೆ ಮೊದಲೇ ಆ ಮಗಳೇ ಹುಡುಗನಿಗೆ ಎಲ್ಲ ಹೇಳಿದಳೆಂದು ಆಮೇಲೆ ತಿಳಿಯಿತು. ಮದುವೆಯೂ ಆಯಿತು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಅಂಗಳಕ್ಕೆ ಬಂದು ಕಾರನ್ನು ನಾನೇ ರಸ್ತೆಯ ಕೊನೆಯತನಕ ಓಡಿಸಿ ತಂದೆ. ಇಳಿದು, "ತಗೋತೀನಿ ಮಾಮಾ," ಎಂದೆ.

"ಏನ ತಗೋತಿ?"

"ಗಾಡಿ. ಅವರು ಹೇಳಿದ ರೇಟಿಗೆ."

"ಇದಕ್ಕೇನ ನಿಮ್ಮಪ್ಪ ನಿನ್ನ ಧಾರವಾಡಕ್ಕ ಕಳಿಸಿ ಎಂ.ಎ. ಓದಿಸಿದ್ದು?"

ನಾನು ಜೋರಾಗಿ ಮಾತಾಡುವವಳಲ್ಲ. ಆದರೂ ಹಮಾಲರಿಗೂ ಕೇಳುವಂತೆ ಮಾಲೀಕರಿಗೆ, "ನಿಮ್ಮ ಮೀಟರ್ ಮ್ಯಾಲೆ ನನಗ ನಂಬಿಕಿ ಐತ್ರಿ," ಎಂದೆ. ಅವರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಚಾವಿ ಕೊಡುವಾಗ ಕಾರಿನ ಬಗ್ಗೆ ಮಾತ್ರ ಮಾತಾಡಿದರು: "ಮೂರನೇ ಗೇರ್ ಸ್ವಲ್ಪ ಬಿಗಿ ಐತವ್ವಾ. ಜಬರ್ದಸ್ತಿ ಮಾಡಬ್ಯಾಡ, ತಾನ ಬೀಳತೈತಿ."

ಕಾಗದಪತ್ರ ಮುಗಿದು ಹೊರಟಾಗ ಮಧ್ಯಾಹ್ನ. "ಅತ್ತಾಗ ಸರಿ, ನಾ ಹೊಡೀತೀನಿ. ದಾರ್ಯಾಗ ಕೆಟ್ಟ ನಿಂತ್ರ ನಿನ್ನ ಕೈಲೆ ಏನಾಗತೈತಿ," ಎಂದು ಮಾಮಾ ಸ್ಟೇರಿಂಗಿಗೆ ಕೂತರು. ಭತ್ತದ ಗದ್ದೆಗಳು ಮುಗಿಯುವತನಕ ಬೈದರು. ಅವರ ಜೀವಮಾನದಲ್ಲಿ ಯಾರೂ ಹೀಗೆ ಕಣ್ಣು ತೆರೆದುಕೊಂಡು ಮೋಸಹೋದದ್ದಿಲ್ಲ, ಕುಷ್ಟಗಿಗೆ ಹೋದ ಮೇಲೆ ಆ ಸಾಹುಕಾರನ ಕಥೆ ನಾಲ್ಕು ಮಂದಿಗೆ ಹೇಳದೆ ಬಿಡುವುದಿಲ್ಲ ಎಂದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಒಂದು ಏರು ಬಂತು. ಮಾಮಾ ಕಾರನ್ನು ನಿಧಾನ ಮಾಡಿ, ಮೇಲಿನ ಗೇರಿನಲ್ಲೇ ಇಟ್ಟು ಎಕ್ಸಲರೇಟರ್ ಒತ್ತಿದರು. ಸವೆದ ಕ್ಲಚ್ಚಾದರೆ ಇಂಜಿನ್ ಅಬ್ಬರಿಸಿ ಕಾರು ಮೇಲೇರದು, ಇದು ಒಂದಿಷ್ಟೂ ಜಾರದೆ ಏರನ್ನು ಹಿಡಿದು ಹತ್ತಿತು. ಅವರ ಬೈಗುಳ ನಿಂತಿತು. ಮುಂದಿನ ಏರಿನಲ್ಲಿ ಮತ್ತೊಮ್ಮೆ ಹಾಗೇ ಮಾಡಿದರು. ಬೂದಗುಂಪಾ ಕ್ರಾಸ್ ಹತ್ತಿರ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಕ್ಲಚ್ಚನ್ನು ಮೆಲ್ಲಗೆ ಒತ್ತಿ ಮೆಲ್ಲಗೆ ಬಿಟ್ಟು ನೋಡಿದರು. ಮೂರು ಸಲ, ನಾಲ್ಕು ಸಲ.

"ಕ್ಲಚ್ ಪ್ಲೇಟ್ ಸವದೇ ಇಲ್ಲ," ಎಂದರು.

ಇಂಜಿನ್ ಆರಿಸಿ, ಮತ್ತೊಮ್ಮೆ ಕ್ಲಚ್ ಒತ್ತಿದರು.

"ಬಿಚ್ಚಿ ಹೊಸಾದು ಹಾಕಿದ್ದೂ ಅಲ್ಲ. ಇದು ಕಂಪನಿ ಪ್ಲೇಟ, ನನ್ನ ಕಾಲಿಗೆ ತಿಳೀತೈತಿ. ಪೆಡಲ್ ಸವದೈತಿ, ಪ್ಲೇಟ್ ಸವದಿಲ್ಲ. ಇಂಜಿನ್ ಬಂದ್ ಇಟ್ಟು ಒತ್ತಿದ್ರ ಅಷ್ಟ ಹಂಗ ಆಗತೈತಿ." ಅವರು ತಮ್ಮ ಕಾಲನ್ನೇ ನೋಡುತ್ತಿದ್ದರು. "ಡಿಪೋದಾಗ ಅಷ್ಟ ವರ್ಷ ಇದ್ನಿ. ನಿಂತ ಬಸ್ಸಿನ್ಯಾಗ ಕುಂತು ಸುಮ್ನ ಕ್ಲಚ್ ಒತ್ತಾಂವನ್ನ ನಾ ಒಬ್ಬನ್ನೂ ನೋಡಿಲ್ಲ. ಅದಕ್ಕ ಹೊಳೀಲಿಲ್ಲ."

ಒಂದು ಲಾರಿ ಹಾದುಹೋಯಿತು. ಕಾರು ಸಣ್ಣಗೆ ಅಲುಗಿತು.

"ಹಮಾಲರ ಮುಂದ ಅವಂಗ ಸುಳ್ಳಗಾರ ಅಂದ್ನಿ," ಎಂದರು. "ತಿರುಗಸ್ತೀನಿ ತಡಿ. ತಪ್ಪಾತು ಅಂದ ಬರೂಣು."

"ಬ್ಯಾಡ ಮಾಮಾ. ನೀವ ಹೋಗಿ ತಪ್ಪಾತು ಅಂದ್ರ, ಯಾಕ ಹಂಗ ಸವದಾವು ಅಂತ ಅವರು ಹೇಳಬೇಕಾಗತೈತಿ."

ಮಾಮಾ ನನ್ನ ಕಡೆ ತಿರುಗಿದರು. "ಯಾಕಂತ ನಿನಗ ಗೊತ್ತೈತಿ."

"ಗೊತ್ತೈತಿ."

ಅವರು ಕೇಳಿದರೆ ಏನು ಹೇಳುವುದೆಂದು ನಾನು ಯೋಚಿಸತೊಡಗಿದ್ದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅವರಿಗೆ ಕೇಳದೆ ಇರಲು ಬರುವುದಿಲ್ಲ. ಮಾಮಾ ಬಾಯಿ ತೆರೆದು, ಮತ್ತೆ ಮುಚ್ಚಿ, ಗಲ್ಲ ಕೆರೆದುಕೊಂಡರು.

"ನನಗ ಹೇಳಬ್ಯಾಡ," ಎಂದರು. "ನನ್ನ ಬಾಯಿ ನಿನಗ ಗೊತ್ತಲ್ಲ."

ಆಮೇಲೆ ಸಾಹುಕಾರರ ನಂಬರ್ ಕೊಡು ಎಂದರು. ನಾನು ನನ್ನ ಫೋನಿನಿಂದಲೇ ಹಚ್ಚಿಕೊಟ್ಟೆ. ಮಾಮಾ ಫೋನನ್ನು ಕಿವಿಗೆ ಹಿಡಿಯದೆ, ಎಂದಿನಂತೆ ಸ್ಪೀಕರ್ ಹಾಕಿ ಬಾಯಿಯ ಮುಂದೆ ಹಿಡಿದರು.

"ಸಾಹುಕಾರ್ರ, ನಾ ಕುಷ್ಟಗಿಯಾಂವ ರೀ. ಗಾಡಿ ಭಾಳ ಛಲೋ ಐತ್ರಿ. ನಿಮ್ಮ ಮೀಟರ್ ಖರೇ ಐತ್ರಿ. ಯಾರ ಕೇಳಿದ್ರೂ ನಾ ಇದನ್ನ ಹೇಳ್ತೀನ್ರಿ, ನಿಮ್ಮ ಹಮಾಲರಿಗೂ ಹೇಳ್ರಿ."

ಆ ಕಡೆಯಿಂದ ಗಿರಣಿಯ ಸಪ್ಪಳವಷ್ಟೇ ಬರುತ್ತಿತ್ತು. ಕೇಳಿಸಿತೋ ಇಲ್ಲವೋ ಎಂದು ಮಾಮಾ ಫೋನನ್ನು ತಿರುಗಿಸಿ ನೋಡಿದರು.

"ಊಟ ಮಾಡಿಸದ ಕಳಿಸಿಬಿಟ್ಟಿವ್ರಿ ನಿಮ್ಮನ್ನ," ಎಂದರು ಮಾಲೀಕರು.