ಶನಿವಾರದ ಮಾವ

ಏ, ರಸ್ತೆ ಆಚೆ ಇರೋರೇ, ಒಂದ್ನಿಮಿಷ ನಿಂತು ನಮ್ಮ ಸೋದರಮಾವನ ವಿಷ್ಯ ಕೇಳ್ಕೊಂಡ್ ಹೋಗಿ. ಭಾನುವಾರ ಮಕ್ಕಳನ್ನ ಕರ್ಕೊಂಡು ಹೋಗೋ ಹೋಟೆಲ್‌ಗೆ ಈ ಪುಣ್ಯಾತ್ಮ ಶನಿವಾರವೇ ಒಬ್ಬನೇ ಹೋಗಿ, ಮನೆ ಕೊಳ್ಳೋಕೆ ಬಂದವನ ಥರ ತಪಾಸಣೆ ಮಾಡ್ತಾನೆ. ಮಕ್ಕಳ ಕುರ್ಚಿ ಅಲ್ಲಾಡಿಸ್ತಾನೆ, ಮೇಜಿನ ಮೂಲೆ ಚೂಪಾ ಅಂತ ತನ್ನ ಹಣೆಯನ್ನೇ ತಾಗಿಸಿ ನೋಡ್ತಾನೆ, ಜಾರುಬಂಡೆ ಇದ್ರೆ ತಾನೇ ಜಾರ್ತಾನೆ. ಒಂದ್ಸಲ ಅದರಲ್ಲಿ ಸಿಕ್ಕಿಹಾಕ್ಕೊಂಡಾಗ ಇಬ್ಬರು ಸಪ್ಲೈಯರ್‌ಗಳು ಕಾಲು ಹಿಡಿದು ಎಳೀಬೇಕಾಯ್ತು. "ಊಟ ಹೆಂಗಿತ್ತೋ?" ಅಂತ ನಮ್ಮಮ್ಮ ಕೇಳಿದ್ರೆ, "ಅಯ್ಯೋ, ಅದನ್ನ ನೋಡ್ಲೇ ಇಲ್ಲ ಅಕ್ಕಾ" ಅಂತಾನೆ. ಆದ್ರೆ ಎಲ್ಲಿ ಹೋದ್ರೂ ಅವನು ಮೊದಲು ಹುಡುಕೋದು ಕೈ ಒಣಗಿಸೋ ಮಿಷಿನ್ನು. ಅದರ ಭರ್ರನ್ನೋ ಸದ್ದಿಗೆ ಅವನ ಐದು ವರ್ಷದ ಮಗಳು ಕಿವಿ ಮುಚ್ಕೊಂಡು ಅತ್ತುಬಿಡ್ತಾಳೆ; ಹೊರಗಡೆ ಒಂದೇ ಒಂದು ಸಲಾನೂ ತಟ್ಟೆ ಮುಗಿಸಿದವಳಲ್ಲ. ಹದಿನಾಲ್ಕನೇ ಶನಿವಾರ, ಮಿಷಿನ್ ಇಲ್ಲದೆ ಬರೀ ಬಟ್ಟೆ ಟವೆಲ್ ಇಟ್ಟಿರೋ ಹೋಟೆಲ್ ಸಿಕ್ಕೇಬಿಡ್ತು. ಮಾರನೇ ದಿನ ಮಗಳು ಅಲ್ಲಿ ಕೂತು, ತಟ್ಟೆ ಖಾಲಿ ಮಾಡಿ, "ಅಪ್ಪಾ, ಇನ್ನೊಂದ್ ತಟ್ಟೆ ಹೇಳು" ಅಂದ್ಲು. ಸಂಜೆ ಮಾವ, ಹೊಟ್ಟೆ ತುಂಬಿ ನಿದ್ದೆ ಹೋಗಿದ್ದ ಅವಳನ್ನ ಹೆಗಲಿಗೆ ಹಾಕ್ಕೊಂಡು, ತನ್ನ ಮನೆಯ ಬಿಲ್ಡಿಂಗಲ್ಲಿ ಲಿಫ್ಟ್ ಬಿಟ್ಟು ಬೇಕಂತ್ಲೇ ಮೆಟ್ಟಿಲು ಹತ್ತಿದ. ನಾಲ್ಕೂ ಮಹಡಿಯಲ್ಲಿ ಎದುರು ಸಿಕ್ಕವರಿಗೆಲ್ಲ ಎರಡು ಬೆರಳು ತೋರಿಸಿ, "ಎರಡ್ ತಟ್ಟೆ ಕಣ್ರೀ" ಅಂತ ಪಿಸುಗುಟ್ಟಿದ.