ತಳದ ಸಾಲಿನ ಪುಸ್ತಕ

ಮಧುಗಿರಿಯಲ್ಲಿ ನಮ್ಮಪ್ಪನದು ಕಡಲೆಕಾಯಿ ಮಂಡಿ. ಮೂಟೆಯ ಮೇಲಿನ ಕಾಯಿ ನೋಡಿ ಅವರು ಎಂದೂ ವ್ಯಾಪಾರ ಕುದುರಿಸಿದವರಲ್ಲ. ತೋಳಿನವರೆಗೆ ಕೈ ಇಳಿಸಿ, ತಳದ ಕಾಯಿ ತೆಗೆದು ಒಡೆದು ನೋಡುತ್ತಿದ್ದರು. ಅಲ್ಲಿ ಮೂಟೆ ಹೊಲಿಯುತ್ತಲೇ ಓದಿದ ನಾನು ಈಗ ಕಾಲೇಜಿನ ಗ್ರಂಥಪಾಲಕಿ.

ಪುಸ್ತಕ ಹುಡುಕುವ ಸಾಫ್ಟ್‌ವೇರ್ ಮಾರಲು ಕಂಪನಿಯವನೊಬ್ಬ ಬಂದ. ಅದರಲ್ಲಿ ತಾನೇ ಮೊದಲು ತುಂಬಿಸಿ ತಂದಿದ್ದ ಇಂಗ್ಲಿಷ್ ಪುಸ್ತಕಗಳ ಹೆಸರುಗಳನ್ನು ಚಕಚಕನೆ ಹುಡುಕಿ ತೋರಿಸಿದ. ಪ್ರಿನ್ಸಿಪಾಲರು ರುಜು ಹಾಕಲು ಪೆನ್ನು ತೆಗೆದೇಬಿಟ್ಟರು. ನಾನು ತಡೆದು, ಕಪಾಟಿನ ತಳದ ಸಾಲಿನಿಂದ ಕನ್ನಡದ ಹಳೆಯ ಕೃಷಿ ಪುಸ್ತಕವೊಂದನ್ನು ತಂದೆ.

"ಇದನ್ನ ಸೇರಿಸಿ, ಕನ್ನಡದಲ್ಲೇ ಹುಡುಕಿ ತೋರಿಸಪ್ಪ."

ಸೇರಿಸಿದ. ಹುಡುಕಿದರೆ ಸಿಗಲಿಲ್ಲ.

"ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಬರುತ್ತೆ ಮೇಡಂ."

"ನಮ್ಮ ಮಕ್ಕಳು ಕನ್ನಡದಲ್ಲಿ ಓದಿ ಬಂದೋರು. ಅವರ ಕೈಗೆ ಸಿಗದ ಪುಸ್ತಕ ಇದ್ದೂ ಇಲ್ಲದಂಗೆ. ಸರಿ ಮಾಡ್ಕೊಂಡು ಬಾ, ಆಮೇಲೆ ರುಜು."

"ಲೈಬ್ರರೀನೂ ಮಂಡಿ ಮಾಡ್ಬುಟ್ರಲ್ಲ ಮೇಡಂ!" ಎಂದು ಪ್ರಿನ್ಸಿಪಾಲರು ನಕ್ಕರು. ಪೆನ್ನು ಮಾತ್ರ ಜೇಬಿಗೆ ವಾಪಸಾಯಿತು.

ಮುಂದಿನ ತಿಂಗಳು ಅವನು ಸರಿ ಮಾಡಿಕೊಂಡೇ ಬಂದ. ಬೇರೆ ಕಾಲೇಜಿನವರು ಕೇಳಿದರೆ ಈಗಲೂ ಇದನ್ನೇ ಹೇಳುತ್ತೇನೆ: ಮಾರುವವರು ತಂದದ್ದನ್ನು ನೋಡಿ ಒಪ್ಪಬೇಡಿ, ನಿಮ್ಮದನ್ನು ಕೊಟ್ಟು ನೋಡಿ.

ನಮ್ಮಲ್ಲಿ ಆ ಸಾಫ್ಟ್‌ವೇರ್ ಶುರುವಾದ ದಿನವೇ ದೊಡ್ಡೇರಿಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ 'ಕಡಲೆಕಾಯಿ' ಎಂದು ಕನ್ನಡದಲ್ಲಿ ಒತ್ತಿದಳು. ಅದೇ ಕೃಷಿ ಪುಸ್ತಕ ಬಂತು. ತೆಗೆದುಕೊಡಲು ನಾನು ಎದ್ದೆ.

"ನೀವು ಕೂತ್ಕಳಿ ಮೇಡಂ, ಯಾವ ಸಾಲು ಅಂತ ಇದ್ರಲ್ಲೇ ಐತೆ" ಎಂದು ಅವಳೇ ಹೋಗಿ ಕಪಾಟಿನ ತಳಕ್ಕೆ ಬಗ್ಗಿದಳು.