ಗ್ರಾತ್ಸಿಗೆ ಬಂದ ಗಂಡ

ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಮಹಾಶ್ವೇತಾ ಅಂದರೆ ಯಾರೆಂದು ತಕ್ಷಣ ಹೊಳೆಯುವುದಿಲ್ಲ. ‘ಟ್ರೇನ್ ಗುರುಬಸವ ಅವರ ಮಿಸೆಸ್’ ಅಂದರೆ ಹೊಳೆಯುತ್ತದೆ. ಗಂಡ ಗುರುಬಸವ ಬಹಳ ವರ್ಷ ಲೋಕಲ್ ರೈಲು ಓಡಿಸಿದವನು. ಈಗ ಓಡಿಸುವುದಿಲ್ಲ, ಆದರೂ ಹೆಸರು ಹಾಗೇ ಉಳಿದುಕೊಂಡಿದೆ. ಅವಳಿಗೆ ಮಾತ್ರ ಅಂಥ ಹೆಸರು ಯಾವುದೂ ಅಂಟಿಕೊಳ್ಳಲಿಲ್ಲ. ಎರಡು ವರ್ಷ ಆಸ್ಟ್ರಿಯಾದಲ್ಲಿ ಓದಿ ಬಂದಳು ಎಂಬುದು ಕೂಡ ಬೀದಿಯಲ್ಲಿ ಹೆಚ್ಚಿನವರಿಗೆ ಮರೆತುಹೋಗಿದೆ.

ಅವಳು ಧಾರವಾಡದವಳು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದಳು. ಆಗ ಅವಳು ಹಿಡಿದಿದ್ದ ವಿಷಯ ಕಲ್ಲುಹೂವು. ಬಂಡೆಗೂ ಮರದ ತೊಗಟೆಗೂ ಅಂಟಿಕೊಂಡು ಬೆಳೆಯುವ, ಗಿಡವೂ ಅಲ್ಲದ ಪಾಚಿಯೂ ಅಲ್ಲದ ಬೂದುಬಣ್ಣದ ಪದರ. ಮನೆಯಲ್ಲಿ ಮಸಾಲೆ ಖಾರ ಕುಟ್ಟುವಾಗ ಹಾಕುತ್ತಿದ್ದ ಸಾಮಾನಿಗೆ ಪ್ರಪಂಚದಲ್ಲಿ ಸಾವಿರಾರು ಬಗೆಯ ಸಂಬಂಧಿಕರಿದ್ದಾರೆ ಎಂದು ಗೊತ್ತಾದ ದಿನ ಅವಳಿಗೆ ನಿದ್ದೆ ಬಂದಿರಲಿಲ್ಲ. ಮುಂದೆ ಓದುವ ಆಸೆಯಿತ್ತು. ಅಷ್ಟರಲ್ಲಿ ಮದುವೆಯಾಯಿತು. ಗುರುಬಸವ ಸಿಡ್ನಿಯಲ್ಲಿ ಅಕೌಂಟಿಂಗ್ ಓದಿ, ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತ, ಅಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್‌ಗೆ ಕಾಯುತ್ತಿದ್ದ. ಬ್ಲ್ಯಾಕ್‌ಟೌನಿನ ಒಂದು ಮನೆಯ ಹಿಂಭಾಗದ ಕೋಣೆಯಲ್ಲಿ ಅವರ ಸಂಸಾರ ಶುರುವಾಯಿತು. ಪಿಆರ್ ಬಂದಮೇಲೆ ಅವನಿಗೆ ಮೆಲ್ಬರ್ನಿನಲ್ಲಿ ರೈಲು ಚಾಲಕನ ತರಬೇತಿ ಸಿಕ್ಕಿತು. ಅವಳು ಬಾಕ್ಸ್ ಹಿಲ್ ಕಡೆಯ ಒಂದು ಲ್ಯಾಬಿಗೆ ಸೇರಿ, ರಕ್ತದ ಸೀಸೆಗಳಿಗೆ ಲೇಬಲ್ ಸರಿಯಿದೆಯೇ ಎಂದು ನೋಡುವ ಕೆಲಸಕ್ಕೆ ಕುಳಿತಳು.

ಎರಡು ಸಲ ಬಸಿರಾದಳು, ಎರಡು ಸಲವೂ ಉಳಿಯಲಿಲ್ಲ. ಮೂರನೆಯದರ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವನ ಶಿಫ್ಟುಗಳು ಹೇಗಿದ್ದವೆಂದರೆ ಅವಳು ಏಳುವಾಗ ಅವನು ಮಲಗಿರುತ್ತಿದ್ದ, ಅವಳು ಮಲಗಿದಮೇಲೆ ಬರುತ್ತಿದ್ದ. ಜಗಳವೆಂಬುದು ಇರಲಿಲ್ಲ. ಜಗಳವಾಡಲು ಇಬ್ಬರೂ ಒಂದೇ ಹೊತ್ತಿಗೆ ಎಚ್ಚರವಿರಬೇಕಲ್ಲ.

ನಲವತ್ತು ದಾಟಿದಮೇಲೆ ಒಂದು ದಿನ ಅವಳು ಆಸ್ಟ್ರಿಯಾದ ಗ್ರಾತ್ಸ್ ಎಂಬ ಊರಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಕಲ್ಲುಹೂವಿನ ಅಧ್ಯಯನಕ್ಕೆ ಅಲ್ಲಿ ಒಳ್ಳೆಯ ವಿಭಾಗವಿದೆ ಎಂದು ಹಳೆಯ ಅಧ್ಯಾಪಕರು ಎಂದೋ ಹೇಳಿದ್ದರು. ಸೀಟು ಸಿಕ್ಕಿತು, ವಿದ್ಯಾರ್ಥಿವೇತನವೂ ಸಿಕ್ಕಿತು. ಗಂಡನಿಗೆ ಹೇಳಿದಳು.

“ಮಸಾಲಿಗೆ ಹಾಕೂ ಕಲ್ಲುಹೂವು ಓದಾಕ ಅಷ್ಟು ದೂರ ಹೋಗಬೇಕೇನು?” ಎಂದು ಅವನು ನಕ್ಕ. ಅವಳು ನಗದೆ ನಿಂತಿದ್ದನ್ನು ಕಂಡು ಗಂಭೀರನಾದ. “ಹೋಗಿ ಬಾ. ಎರಡು ವರ್ಷ ಅಲ್ಲಾ? ನಾ ಮನ್ಯಾಗ ಇರೂದಾದ್ರೂ ಎಷ್ಟು?”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೂ ಆ ಮಾತು ಅವಳಿಗೆ ಬಹಳ ದಿನ ಚುಚ್ಚುತ್ತಿತ್ತು.

ಧಾರವಾಡದಲ್ಲಿದ್ದ ಅತ್ತೆ ಗಿರಿಜವ್ವನಿಗೆ ಆಸ್ಟ್ರಿಯಾ, ಆಸ್ಟ್ರೇಲಿಯಾ ಎರಡೂ ಒಂದೇ ಆಗಿ ಕೇಳಿಸಿದವು. “ಇಬ್ರೂ ಒಂದ ಕಡೆ ಇದ್ದೀರಲ್ಲವ್ವ, ಸಾಕು” ಎಂದರು. ಒಂದೆರಡು ಸಲ ತಿದ್ದಿ ಹೇಳಿ ಆಮೇಲೆ ಮಹಾಶ್ವೇತಾ ಸುಮ್ಮನಾದಳು.

ಗ್ರಾತ್ಸಿನಲ್ಲಿ ಅವಳಿಗೆ ವಿದ್ಯಾರ್ಥಿಗಳ ವಸತಿಗೃಹದಲ್ಲಿ ಒಂದು ಕೋಣೆ ಕೊಟ್ಟರು. ಒಂದು ಮಂಚ, ಒಂದು ಮೇಜು, ಹೊರಗೆ ಬೋಳು ಮರಗಳ ಸಾಲು. ಅಡುಗೆಮನೆ ಇಡೀ ಮಹಡಿಗೆ ಒಂದೇ. ಅಲ್ಲಿಗೆ ಬರುವ ಇಪ್ಪತ್ತರ ಹುಡುಗಿಯರು ಅವಳನ್ನು ಕಂಡಾಗ ಮಾತು ತಗ್ಗಿಸಿ, ಮೇಡಂ ಎಂಬ ಅರ್ಥದಲ್ಲಿ ‘ಫ್ರಾವ್’ ಎಂದು ಗೌರವದಿಂದ ದಾರಿ ಬಿಡುತ್ತಿದ್ದರು. ಆ ಗೌರವದಷ್ಟು ಒಂಟಿ ಮಾಡುವ ಸಂಗತಿ ಇನ್ನೊಂದಿರಲಿಲ್ಲ. ಪಾಠಗಳು ಇಂಗ್ಲಿಷಿನಲ್ಲಿದ್ದವು. ಬೀದಿಯ ಜರ್ಮನ್ ಮಾತ್ರ ಕ್ಲಾಸಿನಲ್ಲಿ ಕಲಿತ ಜರ್ಮನ್ನಿಗೆ ಏನೂ ಆಗಬೇಕಿಲ್ಲವೆಂಬಂತೆ ಹರಿದುಹೋಗುತ್ತಿತ್ತು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿ, ಇಡೀ ಊರು ತನ್ನ ತನ್ನ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿತ್ತು. ಶನಿವಾರ ಹಾಲು ತರಲು ಮರೆತರೆ ಸೋಮವಾರದ ತನಕ ಕರಿ ಚಹಾ.

ಆದರೂ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತಾಗ ಅವಳು ಬೇರೆಯೇ ಹೆಂಗಸು. ಲ್ಯಾಬ್ ನೋಡಿಕೊಳ್ಳುತ್ತಿದ್ದ ಗುಡ್ರುನ್ ಎಂಬ ಹಿರಿಯಾಕೆ ಅವಳ ಜೊತೆ ಹಟಹಿಡಿದು ಜರ್ಮನ್ನಿನಲ್ಲೇ ಮಾತಾಡುತ್ತಿದ್ದಳು. ತಪ್ಪಿದ ಕಡೆ ಇಬ್ಬರೂ ನಗುತ್ತಿದ್ದರು. ಮಹಾಶ್ವೇತಾಗೆ ತನ್ನ ನಗು ತನ್ನ ಕಿವಿಗೇ ಹೊಸದಾಗಿ ಕೇಳಿಸಿತು.

ಗಂಡ ದಿನಾ ಫೋನ್ ಮಾಡುತ್ತಿದ್ದ. “ಊಟ ಆತೇನು? ಥಂಡಿ ಭಾಳ ಐತೇನು? ನಂದೇನು, ಡ್ಯೂಟಿ ಮನಿ, ಡ್ಯೂಟಿ ಮನಿ.” ಅಷ್ಟೇ. ಎರಡನೆಯ ವರ್ಷದ ಚಳಿಗಾಲ ಶುರುವಾಗುವಾಗ ಅವನೇ ಒಮ್ಮೆ, “ಮೂರು ವಾರ ಬರ್ಲೇನು ನಿನ್ನ ಕಡೆ?” ಎಂದು ಕೇಳಿದ. ಇಷ್ಟು ವರ್ಷಗಳಲ್ಲಿ ಅವನು ಏನನ್ನಾದರೂ ಹಾಗೆ ಕೇಳಿದ್ದು ಅದೇ ಮೊದಲು.

ಅವಳು ಸಡಗರಕ್ಕೆ ಬಿದ್ದಳು. ಅತಿಥಿ ಉಳಿಯಲು ವಸತಿಗೃಹದ ಮೇಲ್ವಿಚಾರಕನ ಅನುಮತಿ ಪಡೆದು, ಮಡಚುವ ಹಾಸಿಗೆಯೊಂದನ್ನು ಹೊತ್ತು ತಂದಳು. ವಿಯೆನ್ನಾದ ಭಾರತೀಯ ಅಂಗಡಿಯಿಂದ ಜೋಳದ ಹಿಟ್ಟು ತರಿಸಿ, ಮಹಡಿಯ ಒಲೆಯ ಮೇಲೆ ರೊಟ್ಟಿ ಬಡಿದು ಅಭ್ಯಾಸ ಮಾಡಿದಳು. ಶಬ್ದಕ್ಕೆ ಪಕ್ಕದ ಕೋಣೆಯವರು ಬಂದು ಏನಾಯಿತೆಂದು ಇಣುಕಿದರು. ಊರ ಹೊರಗಿನ ಶೋಕ್ಲ್ ಬೆಟ್ಟಕ್ಕೆ ಕರೆದೊಯ್ದು, ಬಂಡೆಯ ಮೇಲಿನ ತನ್ನ ಹಳದಿ ಕಲ್ಲುಹೂವುಗಳನ್ನು ತೋರಿಸಬೇಕೆಂದುಕೊಂಡಳು. ಮದುವೆಯಾಗಿ ತಾನು ಏನನ್ನು ಬಿಟ್ಟು ಬಂದಿದ್ದೆ ಎಂದು ಅವನು ಒಮ್ಮೆ ಕಣ್ಣಾರೆ ನೋಡಲಿ ಎಂಬ ಆಸೆ.

ವಿಯೆನ್ನಾ ವಿಮಾನ ನಿಲ್ದಾಣದಿಂದ ಗ್ರಾತ್ಸಿಗೆ ಬೆಟ್ಟ ಹತ್ತಿಬರುವ ರೈಲುದಾರಿ ಇದೆ, ನೋಡುವಂಥದ್ದು. ಆ ರೈಲಿಗೇ ಬನ್ನಿ ಎಂದು ಅವಳು ಮತ್ತೆ ಮತ್ತೆ ಹೇಳಿದ್ದಳು. ಅವನು ಬಸ್ಸಿನಲ್ಲಿ ಬಂದ. “ನಿದ್ದಿ ಹತ್ತಿತ್ತು, ಬಸ್ಸು ಎದುರಿಗೇ ನಿಂತಿತ್ತು” ಎಂದ. ಇಳಿಯುವಾಗ ಕಂಡ ಮುಖ ಫೋನಿನಲ್ಲಿ ಕಾಣುತ್ತಿದ್ದ ಮುಖಕ್ಕಿಂತ ಬಹಳ ಸಣ್ಣದಾಗಿತ್ತು. ಚೀಲದ ತುಂಬ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಕ್ಲೈಡ್ ನಾರ್ತ್‌ನಲ್ಲಿ ಪಕ್ಕದ ಮನೆಯ ಪಲ್ಲವಿ ಕೊಟ್ಟು ಕಳಿಸಿದ್ದಳು.

ಮೊದಲ ವಾರ ಅವನು ಮಲಗಿದ. ಜೆಟ್‌ಲ್ಯಾಗ್ ಎಂದುಕೊಂಡು ಅವಳು ಸದ್ದಿಲ್ಲದೆ ಓಡಾಡಿದಳು. ಎರಡನೆಯ ವಾರ ಅವನು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂರಲು ಶುರುಮಾಡಿದ. ಅವಳು ಬೆಳಿಗ್ಗೆ ಕ್ಲಾಸಿಗೆ ಹೋಗುವಾಗ ಅಲ್ಲಿರುತ್ತಿದ್ದ, ಸಂಜೆ ಬಂದಾಗಲೂ ಅಲ್ಲೇ. ತಟ್ಟೆಯಲ್ಲಿಟ್ಟ ರೊಟ್ಟಿ ಅರ್ಧ ತಿಂದಿರುತ್ತಿದ್ದ. ಟ್ರಾಮಿನಲ್ಲಿ ಊರು ಸುತ್ತೋಣ ಅಂದರೆ ನಡೆದೇ ಹೋಗೋಣ ಎನ್ನುತ್ತಿದ್ದ, ನಡೆಯುವಾಗ ಮಾತಿಲ್ಲ. ಗುಡ್ರುನ್ ಒಂದು ಮಧ್ಯಾಹ್ನ ಊಟಕ್ಕೆ ಕರೆದಳು. ಅಲ್ಲಿ ಮಹಾಶ್ವೇತಾ ಏನೋ ಹೇಳಿ ಗುಡ್ರುನ್ ಜೊತೆ ಜೋರಾಗಿ ನಕ್ಕಾಗ ಅವನು ತಲೆಯೆತ್ತಿ, ಗುರುತಿಲ್ಲದವರನ್ನು ನೋಡುವ ಹಾಗೆ ಅವಳನ್ನು ನೋಡಿದ. ಅವಳ ನಗು ಅರ್ಧಕ್ಕೇ ನಿಂತಿತು.

ಒಬ್ಬಳೇ ಇದ್ದಾಗ ಅವಳಿಗೆ ಆ ಕೋಣೆ ಸಣ್ಣದೆನಿಸಿತ್ತು. ಈಗ ಇಬ್ಬರಿದ್ದೂ ಅದು ಖಾಲಿ ಹೊಡೆಯುತ್ತಿತ್ತು. ಬೆಟ್ಟದ ಮಾತೆತ್ತಿದಾಗ ಅವನು “ನಾಳೆ ನೋಡೋಣು” ಎಂದು ಮೂರನೆಯ ಸಲ ಹೇಳಿದಮೇಲೆ ಅವಳಿಗೆ ತಡೆಯಲಾಗಲಿಲ್ಲ.

“ಇಲ್ಲಿಗೆ ಯಾಕ ಬಂದ್ರಿ ನೀವು?”

“ನಿನ್ನ ನೋಡಾಕ.”

“ನೋಡಾಕ ಬಂದವರು ನೋಡಬೇಕಲ್ರಿ! ಕಿಟಕಿ ನೋಡ್ಕೋತ ಕುಂತೀರಿ. ಆ ಕಿಟಕಿ ಅಲ್ಲೂ ಇತ್ತಲ್ಲ, ಮನ್ಯಾಗ.”

ಅವನು ಕುರ್ಚಿಯನ್ನು ಕಿಟಕಿಯಿಂದ ಈಚೆಗೆ ತಿರುಗಿಸಿದ. “ನಾಳೆ ಎಲ್ಲಿ ಕರಕೊಂಡು ಹೊಂಟಿದ್ದಿ, ಹೋಗೂಣು ನಡಿ” ಎಂದ.

ಮರುದಿನ ಬೆಟ್ಟದ ಬಸ್ಸು ಮಂಜಿನಿಂದ ನಿಂತುಹೋಗಿತ್ತು. ಹೊರಟ ಮನಸ್ಸು ಮುರಿಯಬಾರದೆಂದು ಅವಳು ರೈಲಿನಲ್ಲಿ ಹತ್ತಿರದ ಒಂದು ಕಣಿವೆಯ ಊರಿಗೆ ಹೋಗೋಣ ಎಂದಳು. ಅವನು ಬೇಡ ಎನ್ನಲಿಲ್ಲ. ಟಿಕೆಟ್ ತೆಗೆದು ಪ್ಲಾಟ್‌ಫಾರ್ಮಿಗೆ ಬಂದರು. ಬಿಸಿಲು ಮಂಜನ್ನು ಸೀಳಿಕೊಂಡು ಹಳಿಗಳ ಮೇಲೆ ಬಿದ್ದಿತ್ತು. ಅವಳು ಆ ಊರಿನ ಚರ್ಚಿನ ಗೋಡೆಯ ಮೇಲಿನ ಕಲ್ಲುಹೂವಿನ ಬಗ್ಗೆ ಏನೋ ಹೇಳುತ್ತಿದ್ದಳು. ರೈಲು ಬರುವ ಘೋಷಣೆಯಾಯಿತು. ಎಂಜಿನ್ ತಿರುವಿನಲ್ಲಿ ಕಂಡಿತು. ಮಾತು ಮುಗಿಸಿ ತಿರುಗಿ ನೋಡಿದರೆ ಪಕ್ಕದಲ್ಲಿ ಅವನಿಲ್ಲ.

ರೈಲು ಬಂದು ಜನ ಹತ್ತಿ ಹೋಯಿತು. ಅವಳು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಹೆಸರು ಹಿಡಿದು ಕೂಗುತ್ತ ಓಡಾಡಿದಳು. ಗಂಡನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು ಎಂಬುದು ಆಮೇಲೆ ನೆನಪಾಯಿತು. ಕೊನೆಗೆ ಅವನು ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಸುರಂಗದಾರಿಯಲ್ಲಿ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದ. ಅಂಥ ಚಳಿಯಲ್ಲೂ ಹಣೆಯ ಮೇಲೆ ಬೆವರು. ಹೋಗುವವರು ಬರುವವರು ಅವನನ್ನು ಬಳಸಿಕೊಂಡು ನಡೆಯುತ್ತಿದ್ದರು.

ಅವಳು ಪಕ್ಕದಲ್ಲಿ ಕುಳಿತಳು. “ಏನಾತ್ರಿ? ಎದಿ ನೋವೇನು?”

“ಇಲ್ಲ.” ತೋಳಿನಿಂದ ಹಣೆ ಒರೆಸಿಕೊಂಡ. “ಮಹಾ, ನಾ ಗಾಡಿ ನಡಸಾಕತ್ತಿಲ್ಲ. ಐದಾರು ತಿಂಗಳಾತು.”

ಒಬ್ಬ ಮನುಷ್ಯ ಅವನ ರೈಲಿನ ಮುಂದೆ ಹಳಿಗಿಳಿದಿದ್ದ. ಹಗಲು ಹೊತ್ತು. ಬ್ರೇಕು ಹಾಕಿದ, ಹಾರ್ನು ಒತ್ತಿ ಹಿಡಿದ. ರೈಲು ಹಾಗೆ ತಕ್ಷಣ ನಿಲ್ಲುವುದಿಲ್ಲ. “ನನ್ನ ಕಡೆ ನೋಡಿದ ಅವ” ಎಂದ ಗುರುಬಸವ. “ಕೈ ಹಿಂಗ ಮಾಡಿದ. ಸಾರಿ ಅಂದಂಗ. ನಾ ಏನ್ ಮಾಡ್ಲಿ ಹೇಳು?”

ತಪ್ಪು ನಿನ್ನದಲ್ಲ ಎಂದು ಎಲ್ಲರೂ ಹೇಳಿದರಂತೆ. ರಜೆ ಕೊಟ್ಟರು, ಆಪ್ತಸಲಹೆಗೆ ಕಳಿಸಿದರು. ಅವನು ಮನೆಯಲ್ಲಿ ಕುಳಿತ. ಅವಳಿಗೆ ಫೋನ್ ಮಾಡುವ ಮೊದಲು ಮುಖ ತೊಳೆದು, ಯೂನಿಫಾರ್ಮಿನ ಅಂಗಿ ತೊಟ್ಟುಕೊಂಡು ಕ್ಯಾಮೆರಾ ಮುಂದೆ ಬರುತ್ತಿದ್ದ.

“ನನಗ್ಯಾಕ ಹೇಳಲಿಲ್ರಿ?”

“ಹೇಳಿದ್ರ ನೀ ಓದು ಬಿಟ್ಟು ಬರ್ತಿದ್ದಿ.”

ಬರುತ್ತಿದ್ದಳು, ಅದು ನಿಜ.

“ಮತ್ತ ಯಾರಿಗೆ ಗೊತ್ತೈತಿ?”

“ಪಲ್ಲವಿಗೆ. ಬೀದ್ಯಾಗ ಎಲ್ಲಾರಿಗೂ. ದಿನಾ ಒಬ್ರು ಡಬ್ಬಿ ತಂದು ಕೊಡತಿದ್ರು. ನಿನಗ ಹೇಳಬ್ಯಾಡ್ರಿ ಅಂತ ನಾನ ಕೈ ಮುಗಿದಿದ್ದೆ.”

ಆ ಮಾತು ಅವಳಿಗೆ ಎಲ್ಲಕ್ಕಿಂತ ಆಳಕ್ಕೆ ತಾಗಿತು. ಅವನು ಉಪವಾಸ ಬೀಳಲಿಲ್ಲವಲ್ಲ ಎಂಬ ಸಮಾಧಾನವೂ, ಇಡೀ ಬೀದಿಗೆ ಗೊತ್ತಿದ್ದ ತನ್ನ ಗಂಡನ ಸಂಕಟ ತನಗೊಬ್ಬಳಿಗೇ ಗೊತ್ತಿರಲಿಲ್ಲವಲ್ಲ ಎಂಬ ಉರಿಯೂ ಒಟ್ಟಿಗೆ ಎದ್ದವು. ಪಲ್ಲವಿ ಪ್ರತಿ ವಾರ ಅವಳಿಗೆ ಮೆಸೇಜು ಕಳಿಸುತ್ತಿದ್ದಳು, ‘ಹೇಗಿದೀರಾ ಅಕ್ಕಾ, ಇಲ್ಲಿ ಎಲ್ಲ ಸೂಪರ್’ ಎಂದು. ಒಂಟಿತನ ತನ್ನೊಬ್ಬಳ ಪಾಲಿಗೆ ಬಂದದ್ದೆಂದು ಅವಳು ಇಷ್ಟು ದಿನ ನಂಬಿದ್ದಳು. ಕಿಟಕಿಯ ಮುಂದೆ ಕೂರುವುದನ್ನು ಅವನು ಇಲ್ಲಿಗೆ ಬಂದು ಕಲಿತದ್ದಲ್ಲ ಎಂದು ಈಗ ಗೊತ್ತಾಯಿತು.

ಉಳಿದ ದಿನಗಳಲ್ಲಿ ಅವರು ಎಲ್ಲೂ ಹೋಗಲಿಲ್ಲ. ಅವಳು ಕ್ಲಾಸು ಬಿಟ್ಟು ಅವನ ಜೊತೆ ಇದ್ದಳು. ಅವನು ಆ ದಿನದ ಸಂಗತಿಯನ್ನು ತುಂಡು ತುಂಡಾಗಿ ಮತ್ತೆ ಮತ್ತೆ ಹೇಳಿದ, ಅವಳು ಕೇಳಿದಳು. ಒಂದು ಬೆಳಿಗ್ಗೆ ಮಾತ್ರ ತಾನಾಗಿಯೇ ಲ್ಯಾಬಿಗೆ ಬರುತ್ತೇನೆಂದ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿ, “ಚಲೋ ಐತಿ” ಎಂದ. ಅವಳು ಕಾದಿದ್ದ ಮಾತು ಅದಕ್ಕಿಂತ ದೊಡ್ಡದಾಗಿತ್ತು. ಆದರೆ ಅವನ ಹತ್ತಿರ ಆಗ ಅಷ್ಟೇ ಇತ್ತು.

ಜೊತೆಗೆ ತಾನೂ ಬರುತ್ತೇನೆ ಎಂದು ಅವಳು ಹಟ ಹಿಡಿದಳು. ಅವನು ಒಪ್ಪಲಿಲ್ಲ. “ನೀ ಮುಗಿಸಿ ಬಾ. ಅರ್ಧಕ್ಕ ಬಂದರ ಅದೂ ನನ್ನ ತಲಿ ಮ್ಯಾಲ ಬರ್ತೈತಿ” ಎಂದ. ಬಸ್ಸಿಗೆ ಹತ್ತಿಸಿ ಹಿಂತಿರುಗಿದಾಗ ಮಡಚುವ ಹಾಸಿಗೆ ಗೋಡೆಗೆ ಒರಗಿಸಿಟ್ಟಿತ್ತು. ಅದನ್ನು ಮೇಲ್ವಿಚಾರಕನಿಗೆ ಒಪ್ಪಿಸಲು ಅವಳಿಗೆ ಮನಸ್ಸು ಬಾರದೆ, ತಿಂಗಳುಗಟ್ಟಲೆ ಸುಳ್ಳು ಕಾರಣ ಹೇಳಿದಳು.

ಓದು ಮುಗಿಯಿತು. ಪ್ರೊಫೆಸರ್ ಕರೆದು, ಪಿಎಚ್.ಡಿ. ಮಾಡು, ಜಾಗ ಇದೆ ಎಂದರು. ಒಂದು ದಿನ ಯೋಚಿಸುತ್ತೇನೆಂದು ಹೇಳಿ ಬಂದು, ಯೋಚಿಸದೆಯೇ ಬೇಡವೆಂದು ಬರೆದು ಕಳಿಸಿದಳು. ಗುಡ್ರುನ್ ಏನೂ ಕೇಳದೆ, ಕುಂಬಳಬೀಜದ ಎಣ್ಣೆಯ ಬಾಟಲಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಟ್ಟಳು.

ಗುರುಬಸವ ಮತ್ತೆ ರೈಲು ಓಡಿಸಲಿಲ್ಲ. ಚಾಲಕರ ಪಾಳಿ ಹೊಂದಿಸುವ ಆಫೀಸಿನಲ್ಲಿ ಕೂರುತ್ತಾನೆ. ಮಹಾಶ್ವೇತಾಗೆ ಕಲ್ಲುಹೂವಿನ ಕೆಲಸ ಮೆಲ್ಬರ್ನಿನಲ್ಲಿ ಸಿಗಲಿಲ್ಲ. ಮತ್ತೆ ಅದೇ ಲ್ಯಾಬು, ಅದೇ ಸೀಸೆಗಳು. ಈಗ ಇಬ್ಬರೂ ಸಂಜೆ ಒಂದೇ ಹೊತ್ತಿಗೆ ಮನೆಯಲ್ಲಿರುತ್ತಾರೆ, ಎದುರುಬದುರು ಕೂತು ಊಟ ಮಾಡುತ್ತಾರೆ. ಕ್ಲೈಡ್ ನಾರ್ತ್ ಹೊಸ ಬಡಾವಣೆ. ಅಲ್ಲಿನ ಮರಗಳೆಲ್ಲ ಇನ್ನೂ ಕೋಲಿಗೆ ಕಟ್ಟಿದ ಸಸಿಗಳು, ಅವುಗಳ ತೊಗಟೆಯ ಮೇಲೆ ಅವಳಿಗೆ ಬೇಕಾದ್ದು ಏನೂ ಬೆಳೆದಿಲ್ಲ. ಕೆಲವೊಮ್ಮೆ ಪಾತ್ರೆ ತೊಳೆಯುತ್ತ ಅವಳು ಜರ್ಮನ್ನಿನಲ್ಲಿ ಒಂದು ವಾಕ್ಯ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ. ತಪ್ಪಾದರೆ ತಿದ್ದುವವರು ಯಾರೂ ಇಲ್ಲ.

ಕಳೆದ ಬೇಸಿಗೆಯ ಒಂದು ಭಾನುವಾರ, ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಗುರುಬಸವ ಇದ್ದಕ್ಕಿದ್ದಂತೆ ಕೇಳಿದ.

“ಆವತ್ತು ಸ್ಟೇಷನ್ನಿನಾಗ ನಾ ಹೇಳದ ಇದ್ದಿದ್ರ, ನೀ ಅಲ್ಲೇ ಉಳೀತಿದ್ದೇನು?”

ಸುಳ್ಳು ಹೇಳಬಹುದಿತ್ತು. ಯೂನಿಫಾರ್ಮ್ ತೊಟ್ಟು ಹೇಳಿದ ಸುಳ್ಳುಗಳನ್ನು ಅವನು ಅವಳ ಒಳ್ಳೆಯದಕ್ಕೇ ಹೇಳಿದ್ದ. ಹಾಗೆ ಒಂದು ಅವಳೂ ಹೇಳಬಹುದಿತ್ತು. ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಝಾಡಿಸಿ ತಂತಿಗೆ ಹಾಕಿ, ಅವನ ಕಡೆ ತಿರುಗಿದಳು.

“ಹೌದ್ರಿ. ಉಳೀತಿದ್ದೆ.”

ಅವನು ಗೋಣು ಹಾಕಿದ. ಸಿಟ್ಟಾಗಲಿಲ್ಲ, ಸಮಾಧಾನವೂ ಮಾಡಲಿಲ್ಲ. ಬುಟ್ಟಿಯಿಂದ ಚಾದರದ ಒಂದು ತುದಿ ಎತ್ತಿ ಅವಳ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದುಕೊಂಡು ಹಿಂದೆ ಹಿಂದೆ ಸರಿದ. ಇಬ್ಬರೂ ಅದನ್ನು ಬಿಗಿಯಾಗಿ ಎಳೆದು, ಸುಕ್ಕು ತೆಗೆದು, ತಂತಿಗೆ ಹಾಕಿದರು. ಆಚೆ ಬದಿಗೆ ಹೋದ ಅವನ ಮುಖ ಅವಳಿಗೆ ಕಾಣಿಸುತ್ತಿರಲಿಲ್ಲ.